ಜಪಾನೀಸಿಗೆ ಮೂರು ಸಾಕ್ಷಿ

ಸುಳ್ಳು ಹೇಳಬೇಕೆಂದು ನಾನು ಆ ದಿನ ಮನೆಯಿಂದ ಹೊರಟವನಲ್ಲ. ಅದು ಊಟದ ಡಬ್ಬಿಯಿಂದ ಆದ ಕೆಲಸ.

ನಾನಿರುವುದು ನೀರಿನ ಮೀಟರು ಪರೀಕ್ಷಿಸುವ ಶಾಖೆಯಲ್ಲಿ. ಮನೆಗಳಿಂದ ಕಳಚಿ ತಂದ ಮೀಟರುಗಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ನೂರು ಲೀಟರ್ ನೀರು ಹರಿಸಿ, ಮೀಟರು ಎಷ್ಟು ಹೇಳುತ್ತದೆಂದು ನೋಡುವುದು ನನ್ನ ಉದ್ಯೋಗ. ನೂರಕ್ಕೆ ನೂರು ಎಂದರೆ ಅದು ಪ್ರಾಮಾಣಿಕ ಮೀಟರು. ನೂರಹದಿನೈದು ಎಂದರೆ ಕೊಚ್ಚಿಕೊಳ್ಳುವ ಮೀಟರು. ಹತ್ತೊಂಬತ್ತು ವರ್ಷ ಇಂಥ ಮೀಟರುಗಳನ್ನು ಹಿಡಿದು ಬುದ್ಧಿ ಕಲಿಸಿದ ನಾನೇ ಒಂದು ದಿನ ನೂರಹದಿನೈದು ಹೇಳಿಬಿಟ್ಟೆ.

ಆ ಮಧ್ಯಾಹ್ನ ಡಬ್ಬಿಯ ಕೆಳಗೆ ಒಂದು ಕಾಗದ ಹಾಸಿಕೊಂಡಿದ್ದೆ. ಹೊಸ ಮೀಟರುಗಳ ಪೆಟ್ಟಿಗೆಯಲ್ಲಿ ಬಂದದ್ದು, ತುಂಬ ಜಪಾನೀಸ್ ಅಕ್ಷರ. ದಪ್ಪ ಕಾಗದ, ಎಣ್ಣೆಯನ್ನು ಚೆನ್ನಾಗಿ ಹೀರುತ್ತಿತ್ತು. ಡಬ್ಬಿ ಮುಚ್ಚಿ ಕಾಗದ ಕೈಗೆತ್ತಿಕೊಳ್ಳುವುದಕ್ಕೂ ಹೊಸದಾಗಿ ಬಂದ ಆಡಳಿತಾಧಿಕಾರಿ ಮೇಡಂ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

"ಏನು ಮಾಡ್ತಿದೀರಿ?" ಎಂದರು.

ಊಟದ ಹೊತ್ತು ಮುಗಿದು ಇಪ್ಪತ್ತು ನಿಮಿಷವಾಗಿತ್ತು. "ಓದ್ತಿದೀನಿ ಮೇಡಂ," ಎಂದೆ.

"ಜಪಾನೀಸ್ ಬರುತ್ತಾ ನಿಮಗೆ?"

ಇಲ್ಲಿ ಇಲ್ಲ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಆಕೆಯ ಹುಬ್ಬು ಗೌರವದಿಂದ ಮೇಲೇರಿತ್ತು. ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಕಂಡು ಒಬ್ಬರ ಹುಬ್ಬೂ ಮೇಲೇರಿದ್ದಿಲ್ಲ.

"ಓದೋದು ಪರವಾಗಿಲ್ಲ ಮೇಡಂ. ಮಾತಾಡೋದು, ಕೇಳಿ ಅರ್ಥ ಮಾಡ್ಕೊಳ್ಳೋದು ಸ್ವಲ್ಪ ಹಿಂದೆ," ಎಂದೆ. ವಿನಯದಿಂದಲೇ ಹೇಳಿದೆ.

ಮೇಡಂ ಸಂತೋಷದಿಂದ ಕುರ್ಚಿ ಎಳೆದುಕೊಂಡರು. ಆ ವಾರವಷ್ಟೇ ಅವರು ಇಡೀ ಆಫೀಸಿಗೆ 'ವೈಯಕ್ತಿಕ ಗುರಿ ಪತ್ರ' ಎಂಬ ಫಾರಂ ಹಂಚಿದ್ದರು. ಪ್ರತಿಯೊಬ್ಬನೂ ವರ್ಷಕ್ಕೆ ಎರಡು ಗುರಿ ಬರೆಯಬೇಕು, ಗುರಿ ಅಳೆಯುವಂತಿರಬೇಕು, ವರ್ಷದ ಕೊನೆಗೆ ಅಂಕ. ಐವತ್ತಕ್ಕಿಂತ ಕಡಿಮೆ ಬಂದವರಲ್ಲಿ ಒಬ್ಬರನ್ನು ಜಲಾಶಯದ ಪಂಪ್ ಹೌಸಿಗೆ ವರ್ಗ ಮಾಡುವುದು. ಆ ಪಂಪ್ ಹೌಸು ಒಂದು ಹಗಲು, ಒಂದು ರಾತ್ರಿ ಪ್ರಯಾಣದ ದೂರದಲ್ಲಿದೆ. ಹಿಂದೆ ಅಲ್ಲಿದ್ದವನು ರಜೆಯಲ್ಲಿ ಊರಿಗೆ ಬಂದಾಗ ಪಕ್ಕದಲ್ಲಿ ಕೂತವರ ಹತ್ತಿರವೂ ಕಿರುಚಿ ಮಾತಾಡುತ್ತಿದ್ದ. ಪಂಪಿನ ಸದ್ದಿನ ನಡುವೆ ಅದೇ ಅಭ್ಯಾಸವಾಗಿತ್ತಂತೆ.

ಜಾಣರೆಲ್ಲ 'ಅಕ್ಷರ ದುಂಡಗೆ ಮಾಡಿಕೊಳ್ಳುವುದು', 'ಸಮಯಕ್ಕೆ ಸರಿಯಾಗಿ ಬರುವುದು' ಎಂದು ಬರೆದು ಕೈತೊಳೆದುಕೊಂಡಿದ್ದರು. ನನ್ನ ಫಾರಮ್ಮನ್ನು ಮೇಡಂ ತಮ್ಮ ಕೈಯಾರೆ ತುಂಬಿದರು. ಗುರಿ ಒಂದು, ಜಪಾನೀಸ್ ಸಂಭಾಷಣೆ: ವಾರಕ್ಕೆ ಮೂರು, ತಲಾ ಹತ್ತು ನಿಮಿಷ. ಗುರಿ ಎರಡು, ಜಪಾನೀಸ್ ಆಲಿಸುವಿಕೆ: ದಿನಕ್ಕೆ ಅರ್ಧ ಗಂಟೆ. ಕೆಳಗೆ ಒಂದು ಅಂಕಣ: 'ಸಂಭಾಷಣೆಯಲ್ಲಿ ಪಾಲ್ಗೊಂಡ ಇನ್ನೊಬ್ಬರ ಸಹಿ.'

"ಇನ್ನೊಬ್ಬರು ಎಲ್ಲಿ ಸಿಗ್ತಾರೆ ಮೇಡಂ?"

"ಅದನ್ನ ಹುಡುಕೋದೂ ಗುರಿಯ ಭಾಗವೇ," ಎಂದು ಎದ್ದು ಹೋದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮಸುಕಾಗಿ ಕಾಣುತ್ತಿದ್ದರೂ ಚೆನ್ನಾಗಿ ಕಾಣುತ್ತಿದೆ ಎನ್ನುವವರನ್ನು ದಿನವಿಡೀ ನೋಡಿ ಅಭ್ಯಾಸ. "ಹೋಗಿ, ಬರಲ್ಲ ಅಂತ ನಾಳೆನೇ ಹೇಳಿಬಿಡಿ," ಎಂದಳು.

"ಸುಳ್ಳು ಹೇಳಿದ್ದಕ್ಕೆ ನಾಳೆನೇ ಪಂಪ್ ಹೌಸಿಗೆ ಕಳಿಸ್ತಾರೆ. ಕಲಿತರೆ ಒಂದು ವರ್ಷ ಸಿಗುತ್ತೆ," ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನಾಗಲೇ ಫೋನಿನಲ್ಲಿ ಪಾಠ ಹುಡುಕಿ ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದೆ.

ಪಾಠದಲ್ಲಿ ಒಬ್ಬ ಹೆಂಗಸು ಮಾತಾಡುತ್ತಾಳೆ. ಒಂದು ವಾಕ್ಯ ಹೇಳಿ, ಇಂಗ್ಲಿಷಿನಲ್ಲಿ ಅರ್ಥ ಹೇಳಿ, ನಾವು ಹೇಳಲೆಂದು ಸುಮ್ಮನಾಗುತ್ತಾಳೆ. ಎರಡು ತಿಂಗಳ ತಪಸ್ಸಿನಲ್ಲಿ ನನಗೆ ನಾಲ್ಕು ವಾಕ್ಯ ದಕ್ಕಿದವು. 'ಎಕಿ ವಾ ದೋಕೊ ದೆಸುಕಾ', ಅಂದರೆ ರೈಲು ನಿಲ್ದಾಣ ಎಲ್ಲಿದೆ. 'ಕೋರೆ ವಾ ಕಾಸಾ ದೆಸು', ಇದು ಕೊಡೆ. 'ಆನೆ ವಾ ಕಾಂಗೋಶಿ ದೆಸು', ನನ್ನ ಅಕ್ಕ ನರ್ಸು. 'ಕ್ಯೋ ವಾ ಅತ್ಸುಯಿ ದೆಸು', ಇವತ್ತು ಸೆಕೆ. ಐದನೆಯದು ಒಳಗೆ ಬಂದರೆ ಮೊದಲನೆಯದು ಹೊರಗೆ ಹೋಗುತ್ತಿತ್ತು. ನನ್ನ ತಲೆಗೆ ನಾಲ್ಕೇ ಕುರ್ಚಿ ಎಂದು ತಿಳಿದು ಅಷ್ಟಕ್ಕೇ ನಿಲ್ಲಿಸಿದೆ.

ಕಿವಿಯ ವೈರು ಒಂದು ದಿನ ಕೈಕೊಟ್ಟಿತು. ಆ ಸಂಜೆ ಪಾಠ ಮನೆಗೆಲ್ಲ ಕೇಳಿತು. ನಮ್ಮ ಜೊತೆಗಿರುವ ಅತ್ತೆ ಬಟಾಣಿ ಬಿಡಿಸುತ್ತ ಕೂತಿದ್ದವರು ಕೈ ನಿಲ್ಲಿಸಿದರು.

"ಅಳಿಯಂದಿರೇ, ಈ ಹೆಂಗಸು ಏನು ಕೇಳ್ತಿದಾಳೆ?"

"ನಿಲ್ದಾಣ ಎಲ್ಲಿ ಅಂತ. ತನ್ನ ಅಕ್ಕ ನರ್ಸು ಅಂತಲೂ ಹೇಳ್ತಾಳೆ."

ಮಾರನೆಯ ದಿನವೂ ಅದೇ ಪಾಠ. ಅತ್ತೆ ಕಿವಿಗೊಟ್ಟು ಕೇಳಿದರು. "ಇವತ್ತೂ ಸಿಕ್ಕಿಲ್ವಾ ಇವಳಿಗೆ? ಜೊತೆಗೆ ಯಾರೂ ಇಲ್ವಾ? ಆ ನರ್ಸ್ ಅಕ್ಕ ಎಲ್ಲಿ ಹೋದಳು?"

"ಅದು ಪಾಠ ಅತ್ತೆ."

"ಪಾಠ ಆದ್ರೇನು, ದಾರಿ ತಪ್ಪಿದ ಹೆಂಗಸು ಹೆಂಗಸೇ ತಾನೇ?" ಎಂದು ಅವಳಿಗೋಸ್ಕರ ಮರುಗಿದರು. ಹತ್ತು ನಿಮಿಷವಾಗಿತ್ತು. ನಾನು ಫಾರಂ ಮುಂದಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಪಾಲ್ಗೊಂಡದ್ದಂತೂ ನಿಜ.

ಒಬ್ಬರೇ ಸಾಕ್ಷಿಯಾದರೆ ಅನುಮಾನ ಬರುತ್ತದೆ. ಎರಡನೆಯವರು ನನ್ನ ಕ್ಷೌರಿಕರು. ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಕನ್ನಡಿಯಲ್ಲಿ ಅವರ ಮುಖ ನೋಡುತ್ತ ನಾಲ್ಕೂ ವಾಕ್ಯ ಹೇಳಿದೆ. ಮತ್ತೆ ಹಿಂದಿನಿಂದ ಮುಂದಕ್ಕೆ ಹೇಳಿದೆ. ಅವರ ಕತ್ತರಿ ಗಾಳಿಯಲ್ಲಿ ನಿಂತಿತು.

"ಇದಕ್ಕೆ ನಾನೇನು ಹೇಳಬೇಕು ಸಾರ್?"

"ಏನಾದ್ರೂ ಹೇಳಿ. ಮಾತುಕತೆ ನಡೆದ್ರೆ ಸಾಕು."

"ಅಲ್ಲಿ ಕ್ಷೌರದಂಗಡಿಯವರು ಮಾತಾಡ್ತಾರಾ, ಇಲ್ಲ ಸುಮ್ಮನೆ ಕತ್ತರಿಸ್ತಾರಾ?" ಕಾಯುತ್ತ ಕೂತಿದ್ದವರೂ ಪತ್ರಿಕೆ ಮಡಚಿ ಹತ್ತಿರ ಬಂದರು. ಅಲ್ಲಿ ಬೊಕ್ಕತಲೆಯವರು ಎಷ್ಟು ಜನ, ಅವರಿಗೂ ಅಷ್ಟೇ ಹೊತ್ತು ಹಿಡಿಯುತ್ತದೆಯೇ ಎಂದೆಲ್ಲ ಕೇಳಿದರು. ಪ್ರತಿ ಪ್ರಶ್ನೆಗೂ ನಾನು ಗಂಭೀರವಾಗಿ "ಕೋರೆ ವಾ ಕಾಸಾ ದೆಸು" ಎಂದೆ. ಕ್ಷೌರಿಕರು ಸಹಿಯ ಕೆಳಗೆ ಎರಡು ಗೆರೆ ಎಳೆದರು.

ಮೂರನೆಯವರು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಅವರು ಓದದೆ ಯಾವುದಕ್ಕೂ ಸಹಿ ಹಾಕುವವರಲ್ಲ. ಫಾರಮ್ಮನ್ನು ಮೇಲಿನಿಂದ ಕೆಳಕ್ಕೆ ಎರಡು ಬಾರಿ ಓದಿದರು.

"ಇಲ್ಲಿ ಪಾಲ್ಗೊಂಡವರು ಅಂತಿದೆ. ಜಪಾನೀಸ್ ಬಲ್ಲವರು ಅಂತಿಲ್ಲ. ಹಾಗಾದ್ರೆ ಅಡ್ಡಿಯಿಲ್ಲ. ಆದ್ರೆ ಗಡಿಯಾರ ಹಿಡಿದು ಹತ್ತು ನಿಮಿಷ ಪೂರ್ತಿ ಆಗಬೇಕಪ್ಪ," ಎಂದು ಎದುರಿಗೆ ಕೂತರು. ನಾನು ಏಳು ನಿಮಿಷಕ್ಕೆ ನಿಲ್ಲಿಸಿದರೆ "ಇನ್ನೂ ಮೂರು" ಎನ್ನುತ್ತಿದ್ದರು. ಮೂರನೆಯ ವಾರಕ್ಕೆ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡು ಬಂದರು. 'ಆಲಿಸಲಾಗಿದೆ' ಎಂದಿತ್ತು. ನಿವೃತ್ತಿಯಾದಾಗಿನಿಂದ ಕೈ ಕಡಿಯುತ್ತಿತ್ತಂತೆ.

ಹೀಗೆ ವಾರಕ್ಕೆ ಮೂರರಂತೆ ಸಹಿ ಬೀಳುತ್ತಿದ್ದವು. ಅವು ಮೇಲಿನ ಕೋಣೆಗೆ ಹೋಗಿ ಏನಾಗುತ್ತವೆ ಎಂದು ನಾನು ಯೋಚಿಸಿರಲಿಲ್ಲ. ಅಲ್ಲಿ ಮೇಡಂ ಸಹಿ ಹಾಕಿದವರನ್ನೆಲ್ಲ ಜಪಾನೀಸ್ ಬಲ್ಲವರೆಂದು ಪಟ್ಟಿ ಮಾಡಿಸಿದ್ದರು. ಎಂಟನೆಯ ತಿಂಗಳಲ್ಲಿ ಜಪಾನಿನ ಕಂಪನಿಯಿಂದ ಪತ್ರ ಬಂತು. ಹೊಸ ಪರೀಕ್ಷಾ ಬೆಂಚು ಕೂರಿಸಲು ಎಂಜಿನಿಯರು ಬರುತ್ತಾರೆ, ಜೊತೆಗೊಬ್ಬ ದುಭಾಷಿಯೂ ಬರುತ್ತಾರೆ ಎಂದಿತ್ತು. ಮೇಡಂ ಹೆಮ್ಮೆಯಿಂದ ಉತ್ತರಿಸಿದರು: ದುಭಾಷಿ ಬೇಡ, ನಮ್ಮಲ್ಲೇ ನಾಲ್ವರಿದ್ದಾರೆ.

ಆ ನಾಲ್ವರಲ್ಲಿ ನಾನೊಬ್ಬ. ಉಳಿದ ಮೂವರಿಗೆ ಪತ್ರ ಹೋಯಿತು. 'ತಮ್ಮ ಜಪಾನೀಸ್ ಪರಿಣತಿಯನ್ನು ದಾಖಲೆಗಳಿಂದ ತಿಳಿದು ತಮ್ಮನ್ನು ದುಭಾಷಿ ಮಂಡಳಿಗೆ ನೇಮಿಸಲಾಗಿದೆ.'

ಪತ್ರದ ನಕಲು ನೋಡಿದವನು ಕೆಲಸ ಅಲ್ಲಿಗೇ ಬಿಟ್ಟು ಎದ್ದೆ. ಮೊದಲು ಓಡಿದ್ದು ಕ್ಷೌರದಂಗಡಿಗೆ. ಪತ್ರ ಆಗಲೇ ಕನ್ನಡಿಯ ಪಕ್ಕ ಚೌಕಟ್ಟಿನಲ್ಲಿ ಕೂತಿತ್ತು.

"ನಿಮಗೆ ಜಪಾನೀಸ್ ಬರಲ್ಲ ಅಂತ ಒಂದು ಸಾಲು ಬರೆದುಕೊಡಿ," ಎಂದು ಕೈಮುಗಿದೆ.

"ಬರುತ್ತೆ ಅಂತ ಆಫೀಸೇ ಬರೆದಿದೆ ಸಾರ್. ಬರಲ್ಲ ಅನ್ನೋಕೆ ನಾನ್ಯಾರು?" ಎಂದರು. ಅಂಗಡಿಯಲ್ಲಿ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ಅವರ ಪೈಕಿ ಇಬ್ಬರು ಕೂದಲು ಕತ್ತರಿಸಿಕೊಳ್ಳಲು ಬಂದವರಲ್ಲ, ಜಪಾನೀಸ್ ಬಲ್ಲ ಕ್ಷೌರಿಕ ಹೇಗಿರುತ್ತಾನೆಂದು ನೋಡಲು ಬಂದವರು.

ಪೋಸ್ಟ್‌ಮಾಸ್ಟರು ಬಾಗಿಲಲ್ಲೇ ನಿಂತಿದ್ದರು. "ಹನ್ನೆರಡು ವರ್ಷ ಆಯ್ತಪ್ಪ, ನನ್ನ ಹೆಸರಿಗೆ ಆಫೀಸು ಕಾಗದ ಬಂದು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆ ಮನುಷ್ಯನ ಹತ್ತಿರ ರಾಜೀನಾಮೆ ಕೇಳಲು ನನಗೆ ಮನಸ್ಸು ಬರಲಿಲ್ಲ. ಅತ್ತೆಯಂತೂ ಆಗಲೇ ಹೊರಗೆ ಹಾಕಿಕೊಳ್ಳುವ ಚಪ್ಪಲಿಗೆ ಪಾಲಿಶ್ ಹಾಕುತ್ತಿದ್ದರು. "ನಿಲ್ದಾಣದ ವಿಷಯ ಆ ಎಂಜಿನಿಯರನ್ನೇ ಕೇಳಿಬಿಡ್ತೀನಿ," ಎಂದರು.

ಅಷ್ಟೂ ಸಾಲದೆಂದು ಮೇಡಂ ನನ್ನನ್ನು ಕರೆಸಿದರು. "ನಿಮ್ಮ ವರ್ಷದ ಅಂಕ ಆ ಎಂಜಿನಿಯರೇ ಕೊಡಲಿ. ನಿಜವಾದ ಜಪಾನಿನವರು ಅಳೆದ್ರೆ ಅದಕ್ಕಿಂತ ಸರಿಯಾದ ಅಳತೆ ಎಲ್ಲಿದೆ?"

ಅಂದಿನಿಂದ ನನಗೆ ಕಣ್ಣು ಮುಚ್ಚಿದರೆ ಪಂಪಿನ ಸದ್ದು ಕೇಳುತ್ತಿತ್ತು. ಹೆಂಡತಿಯ ಕೆಲಸ ಇಲ್ಲಿ, ಅತ್ತೆಯ ವೈದ್ಯರು ಇಲ್ಲಿ. ಹೋದರೆ ನಾನೊಬ್ಬನೇ ಹೋಗಬೇಕು. ಭಯಕ್ಕೆ ದಿನಕ್ಕೆ ಅರ್ಧ ಗಂಟೆ ಇದ್ದ ಪಾಠವನ್ನು ಮೂರು ಗಂಟೆ ಮಾಡಿದೆ. ಹೊಸ ವೈರು ಕೊಂಡು ಊಟಕ್ಕೆ ಕೂತಾಗಲೂ ಕಿವಿಯಲ್ಲಿಟ್ಟುಕೊಂಡೆ. ಐದನೆಯ ವಾಕ್ಯ ಮಾತ್ರ ಬರಲಿಲ್ಲ.

ಎಂಜಿನಿಯರು ಬಂದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಕೈಯಲ್ಲಿ ಹಳೆಯ ಚರ್ಮದ ಚೀಲ, ಅದರೊಳಗೆ ಸ್ಪಾನರುಗಳು ಅಳತೆಯ ಪ್ರಕಾರ ಮಲಗಿದ್ದವು. ಪರೀಕ್ಷಾ ಕೋಣೆಯಲ್ಲಿ ಮೇಡಂ ಡೈರಿ ಹಿಡಿದು ನಿಂತರು. ದುಭಾಷಿ ಮಂಡಳಿ ಸಾಲಾಗಿ ನಿಂತಿತು.

ಕ್ಷೌರಿಕರು ಒಂದು ಹೆಜ್ಜೆ ಮುಂದೆ ಬಂದು, ನನ್ನ ಬಾಯಿಂದ ತಿಂಗಳುಗಟ್ಟಲೆ ಕೇಳಿದ್ದನ್ನು ಸ್ಪಷ್ಟವಾಗಿ ಹೇಳಿದರು: "ಎಕಿ ವಾ ದೋಕೊ ದೆಸುಕಾ."

ಎಂಜಿನಿಯರು ಬೆಚ್ಚಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ, ತಾವು ಬಂದ ದಾರಿ ನೆನಪು ಮಾಡಿಕೊಂಡು, ಎಡಕ್ಕೆ ಕೈ ತೋರಿಸಿ ಏನೋ ವಿವರಿಸಿದರು. ನಿಲ್ದಾಣ ಇರುವುದು ಎಡಕ್ಕೇ. "ಪ್ರಶ್ನೆ, ಉತ್ತರ ಎರಡೂ ಸರಿ," ಎಂದು ಮೇಡಂ ಬರೆದುಕೊಂಡರು.

ಪೋಸ್ಟ್‌ಮಾಸ್ಟರು ತಮ್ಮ ಕೊಡೆ ಎತ್ತಿ ಹಿಡಿದು "ಕೋರೆ ವಾ ಕಾಸಾ ದೆಸು" ಎಂದರು. ಎಂಜಿನಿಯರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ನೋಡಿದರು. ಬಾಗಿದ್ದ ಒಂದನ್ನು ಚೀಲದ ಇಕ್ಕಳದಿಂದ ನೆಟ್ಟಗೆ ಮಾಡಿ ವಾಪಸು ಕೊಟ್ಟರು. ರಿಪೇರಿಗೆ ಕೊಟ್ಟದ್ದೆಂದು ತಿಳಿದಿರಬೇಕು. ಪೋಸ್ಟ್‌ಮಾಸ್ಟರು ಸ್ಟಾಂಪು ತೆಗೆದರು. ಒತ್ತಲು ಕಾಗದ ಕಾಣದೆ ಮತ್ತೆ ಜೇಬಿಗೆ ಹಾಕಿಕೊಂಡರು.

ಅತ್ತೆ ನಮ್ಮ ಭಾಷೆಯಲ್ಲೇ "ಊಟ ಆಯ್ತಾ?" ಎಂದು ಕೈಯಿಂದ ಬಾಯಿ ತೋರಿಸಿದರು. ಅವರು ನಕ್ಕು ಹೊಟ್ಟೆ ಸವರಿಕೊಂಡರು. ಆ ಇಡೀ ದಿನದಲ್ಲಿ ಎರಡೂ ಕಡೆಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

"ಇನ್ನು ಕೆಲಸ ನಡೀಲಿ," ಎಂದು ಮೇಡಂ ಮಂಡಳಿಯನ್ನು ಕರೆದುಕೊಂಡು ಚಹಾಕ್ಕೆ ಹೋದರು. ಕೋಣೆಯಲ್ಲಿ ನಾನು, ಎಂಜಿನಿಯರು, ನೀರು.

ಕೆಲಸಕ್ಕೇನೂ ಮಾತು ಬೇಕಾಗಲಿಲ್ಲ. ಪೈಪಿಗೆ ಪೈಪು ಕೂಡಿಸಿದೆವು, ವಾಷರು ಹಾಕಿದೆವು. ಅವರು ಕೈಚಾಚುವ ಮೊದಲೇ ನಾನು ಬೇಕಾದ ಸ್ಪಾನರು ಕೊಡುತ್ತಿದ್ದೆ. ನಡುವೆ ಗುರಿ ನೆನಪಾಗಿ ನಾಲ್ಕೂ ವಾಕ್ಯ ಹೇಳಿ ಮುಗಿಸಿದೆ. ನನ್ನ ಅಕ್ಕ ನರ್ಸು ಎಂಬುದಕ್ಕೆ ಅವರು ತಲೆಬಾಗಿದರು. ನನಗೆ ಅಕ್ಕನೇ ಇಲ್ಲ.

ಕೊನೆಗೆ ದೊಡ್ಡ ತೊಟ್ಟಿ ತುಂಬಬೇಕಿತ್ತು. ಅದಕ್ಕೆ ನಲವತ್ತು ನಿಮಿಷ. ಇಬ್ಬರೂ ಬೋರಲು ಹಾಕಿದ ಪೆಟ್ಟಿಗೆಗಳ ಮೇಲೆ ಕೂತೆವು. ಅವರು ಒಂದು ವಾಕ್ಯ ಹೇಳಿ ನನ್ನ ಮುಖ ನೋಡಿದರು. ನನ್ನ ಹತ್ತಿರ ಹೇಳಲು ಏನೂ ಉಳಿದಿರಲಿಲ್ಲ. ಆದರೆ ಪಾಠದ ಹೆಂಗಸು ಸುಮ್ಮನಾದಾಗೆಲ್ಲ ಅವಳ ಕಡೆ ಕಿವಿಯಿಟ್ಟು ಕೂತು ನನಗೆ ಅದೊಂದು ಅಭ್ಯಾಸವಾಗಿತ್ತು. ಹಾಗೆಯೇ ಕೂತೆ.

ಅವರು ಇನ್ನೊಂದು ವಾಕ್ಯ ಹೇಳಿದರು. ಆಮೇಲೆ ನಿಲ್ಲಿಸಲೇ ಇಲ್ಲ. ಒಂದು ಕಡೆ ದನಿ ತಗ್ಗಿತು, ಒಂದು ಕಡೆ ನಗು ಬಂತು. ಬೆಂಚಿನ ಮೇಲೆ ಒದ್ದೆ ಬೆರಳಿನಿಂದ ಒಂದು ಮನೆ ಬರೆದರು, ಪಕ್ಕದಲ್ಲಿ ಒಂದು ಸೇತುವೆ, ಸೇತುವೆಯ ಮೇಲೆ ಎರಡು ಚುಕ್ಕೆ. ಒಂದು ಚುಕ್ಕೆ ಬೇಗ ಆರಿಹೋಯಿತು. ಅದನ್ನು ಮತ್ತೆ ಇಟ್ಟರು. ಆ ಚುಕ್ಕೆ ಯಾರು, ಅವರು ಅಲ್ಲಿಂದ ಎಲ್ಲಿಗೆ ಹೊರಟಿದ್ದಾರೆ ಎಂದು ತಿಳಿಯಲು ನನಗೆ ಎಷ್ಟು ಆಸೆಯಾಯಿತೆಂದರೆ, ಅಂಕದ ವಿಚಾರ ಮರೆತೇಹೋಯಿತು. ತೊಟ್ಟಿ ತುಂಬಿ ಹೊರಚೆಲ್ಲಿ ನಮ್ಮಿಬ್ಬರ ಕಾಲು ನೆನೆದಾಗಲೇ ಎಚ್ಚರವಾದದ್ದು.

ಸಂಜೆಯ ರೈಲಿಗೆ ಒಬ್ಬ ಹೆಣ್ಣುಮಗಳು ಬಂದಿಳಿದಳು. ಬೇಡ ಎಂದು ಬರೆದರೂ ಕಂಪನಿ ತನ್ನ ದುಭಾಷಿಯನ್ನು ಕಳಿಸಿಯೇ ಇತ್ತು. ಅವಳು ನಮ್ಮ ಮಂಡಳಿಯ ಜೊತೆ ಎರಡು ನಿಮಿಷ ಜಪಾನೀಸಿನಲ್ಲಿ ಮಾತಾಡಿ ನೋಡಿದಳು. ಮೇಡಂ ಮುಖದ ಬಣ್ಣ ನಿಧಾನವಾಗಿ ಬದಲಾಯಿತು. ನಾನು ಮನಸ್ಸಿನಲ್ಲೇ ಪಂಪ್ ಹೌಸಿಗೆ ಹೊರಡಲು ಹಾಸಿಗೆ ಕಟ್ಟತೊಡಗಿದೆ.

ಎಂಜಿನಿಯರು ಮಾತ್ರ ನನ್ನ ಫಾರಂ ಇಸಿದುಕೊಂಡು ಬಹಳ ಹೊತ್ತು ಬರೆದರು. ಹೆಣ್ಣುಮಗಳು ಗಟ್ಟಿಯಾಗಿ ಓದಿ ಹೇಳಿದಳು.

"ಮಾತು: ಸೊನ್ನೆ. ಇವರಿಗೆ ನಾಲ್ಕು ವಾಕ್ಯ ಗೊತ್ತು. ನಾಲ್ಕರಲ್ಲಿ ಒಂದೂ ಬೇಕಾಗಲಿಲ್ಲ."

ಕ್ಷೌರಿಕರು ನನ್ನ ಭುಜದ ಮೇಲೆ ಕೈಯಿಟ್ಟರು.

"ಆಲಿಸುವಿಕೆ: ನೂರು. ಮೂರು ತಿಂಗಳಲ್ಲಿ ಹನ್ನೊಂದು ಊರಲ್ಲಿ ಬೆಂಚು ಕೂರಿಸಿದ್ದೇನೆ. ನಾನು ಮಾತಾಡುವಾಗ ಜನ ಬೆಂಚು ನೋಡುತ್ತಾರೆ. ಇವರು ನನ್ನನ್ನು ನೋಡಿದರು. ನಮ್ಮ ಮನೆಯಲ್ಲೂ ಹೇಳದ ಒಂದು ವಿಷಯ ಇವರಿಗೆ ಹೇಳಿದ್ದೇನೆ."

ಮೊದಲು ಸಹನೆ ಕಳೆದುಕೊಂಡವರು ಅತ್ತೆ. "ಏನಂತೆ ಆ ವಿಷಯ? ಕೇಳಮ್ಮ ಸ್ವಲ್ಪ."

ಹೆಣ್ಣುಮಗಳು ಕೇಳಿದಳು. ಎಂಜಿನಿಯರು ಚೀಲದ ಪಟ್ಟಿ ಬಿಗಿಯುತ್ತ ನಕ್ಕು ಏನೋ ಹೇಳಿದರು. "ಅವರು ಕೇಳಿಸ್ಕೊಂಡಿದ್ದಾರಲ್ಲ, ಅವರನ್ನೇ ಕೇಳಿ ಅಂತಿದಾರೆ," ಎಂದಳು ಅವಳು. ಎಲ್ಲರೂ ನನ್ನತ್ತ ತಿರುಗಿದರು. ನನಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. ಆದರೂ ಹೇಳುವಂಥದ್ದಲ್ಲ ಎಂಬಂತೆ ತಲೆಯಾಡಿಸಿದೆ.

ಮೇಡಂ ಮೇಜಿನ ಮೇಲೆ ಫಾರಂ ಹರವಿಕೊಂಡು ಕೂತರು. ಅವರು ಕೋಪಿಸಿಕೊಂಡರೂ ಅಳತೆ ಬಿಡುವವರಲ್ಲ. ಸೊನ್ನೆಗೆ ನೂರು ಕೂಡಿಸಿದರು, ಎರಡರಿಂದ ಭಾಗಿಸಿದರು, ಮತ್ತೊಮ್ಮೆ ಭಾಗಿಸಿ ನೋಡಿದರು.

"ಐವತ್ತು," ಎಂದರು. "ಐವತ್ತಕ್ಕಿಂತ ಕಡಿಮೆ ಇದ್ದವರು ಅಂತ ನಾನೇ ಬರೆದಿದೀನಿ. ಐವತ್ತು ಐವತ್ತಕ್ಕಿಂತ ಕಡಿಮೆ ಅಲ್ಲ." ಬಹಳ ಕಷ್ಟಪಟ್ಟು ಸಹಿ ಹಾಕಿದರು. ಪೋಸ್ಟ್‌ಮಾಸ್ಟರಿಗೆ ಕೊನೆಗೂ ಕಾಗದ ಸಿಕ್ಕಿತು, ಸ್ಟಾಂಪು ಬಿತ್ತು. ಆ ವರ್ಷ ಪಂಪ್ ಹೌಸಿಗೆ ಹೋದವನು, ಸಮಯಕ್ಕೆ ಸರಿಯಾಗಿ ಬರುತ್ತೇನೆಂದು ಗುರಿ ಬರೆದು ಅಂಕ ಕೊಡುವ ದಿನ ಮುಕ್ಕಾಲು ಗಂಟೆ ತಡವಾಗಿ ಬಂದ ನಮ್ಮ ಉಗ್ರಾಣದ ಗುಮಾಸ್ತ.

ಮನೆಗೆ ಬಂದು ಫಾರಂ ಹೆಂಡತಿಯ ಕೈಗೆ ಕೊಟ್ಟೆ. ಅವಳು ನಿಂತೇ ಓದಿದಳು. ಮತ್ತೆ ಕೂತು ಓದಿದಳು.

"ಒಂದು ಮಾತೂ ಅರ್ಥ ಆಗದೆ ನಲವತ್ತು ನಿಮಿಷ ಕೇಳಿದ್ರಾ?"

"ಹೂಂ."

"ನನ್ನದು ಅರ್ಥ ಆಗುತ್ತೆ. ಕೂತ್ಕೊಳ್ಳಿ," ಎಂದು ಎದುರಿಗೆ ಕುರ್ಚಿ ಎಳೆದಳು.

ಕೂತೆ.

"ನೀವು ಪಂಪ್ ಹೌಸಿಗೆ ಹೋದ್ರೆ ನಾನೂ ಅಮ್ಮನೂ ಬರೋಣ ಅಂತಿದ್ವಿ," ಎಂದಳು. "ಅಲ್ಲಿ ಕನ್ನಡಕದ ಅಂಗಡಿ ಇದೆಯಾ ಅಂತ ವಿಚಾರಿಸಿದೆ. ಅಂಗಡಿ ಇಲ್ಲ, ಕನ್ನಡಕ ಹಾಕ್ಕೊಳ್ಳೋರೇ ಹನ್ನೊಂದು ಜನ ಅಂತೆ. ಆದ್ರೂ ಸರಿ, ಹನ್ನೊಂದು ಜನರ ಕಣ್ಣೇ ನೋಡೋಣ ಅಂದ್ಕೊಂಡೆ. ಅಮ್ಮ ಅಲ್ಲಿಯ ವೈದ್ಯರ ವಿಳಾಸನೂ ಬರೆದಿಟ್ಟಿದಾಳೆ. ಅದನ್ನ ನಿಮಗೆ ಹೇಳಿಬಿಡೋಣ, ಹೆದರ್ಕೊಬೇಡಿ ಅನ್ನೋಣ ಅಂತ ಆರು ತಿಂಗಳಿಂದ ನೋಡ್ತಿದೀನಿ. ಯಾವಾಗ ನೋಡಿದ್ರೂ ನಿಮ್ಮ ಕಿವಿಯಲ್ಲಿ ಆ ಹೆಂಗಸು."

ನಾನು ಏನೋ ಹೇಳಲು ಹೋದೆ.

"ಮಾತಿಗೆ ನಿಮಗೆ ಸೊನ್ನೆ," ಎಂದಳು. "ಸುಮ್ಮನೆ ಕೇಳಿ."

ಕೇಳಿದೆ. ಕನ್ನಡಕದ ಅಂಗಡಿಯ ಮಾಲೀಕರು, ಅವಳ ಬೆನ್ನುನೋವು, ನನ್ನ ಮೇಲೆ ಬಂದ ಸಿಟ್ಟು, ಒಬ್ಬಳೇ ಇದ್ದಾಗ ಅತ್ತದ್ದು, ಎಲ್ಲ ಬಂತು. ನಡುವೆ ಅತ್ತೆ ಎರಡು ಸಲ ಬಂದು ಗಡಿಯಾರ ನೋಡಿ ಒಳಗೆ ಹೋದರು. ಹತ್ತು ನಿಮಿಷಕ್ಕೆ ಒಂದರಂತೆ ಹಿಡಿದರೂ ನನಗೆ ಒಂಬತ್ತು ಸಹಿ ಬರಬೇಕಿತ್ತು. ಧೈರ್ಯ ಮಾಡಿ ಫಾರಮ್ಮನ್ನು ಅವಳ ಕಡೆಗೆ ತುಸು ಸರಿಸಿದೆ.

"ಈಗಲೇ ಎಲ್ಲಿಯ ಸಹಿ?" ಎಂದಳು ಹೆಂಡತಿ. "ನಾಳೆಗೆ ಇನ್ನೂ ಇದೆ."